ಕೌದಿಯ ಹೊಟ್ಟೆಯ ಜೋಳ

ಬೇಗಂಪೇಟೆಯ ಒಂದು ಟ್ರಸ್ಟಿನಲ್ಲಿ ನನ್ನದು ಕಾಗದಪತ್ರದ ಕೆಲಸ. ಕಲಾಕೃತಿಗಳನ್ನು ಕೊಂಡು ಸರ್ಕಾರಿ ಮ್ಯೂಸಿಯಂಗಳಿಗೆ ಕೊಡುವ ಟ್ರಸ್ಟು ಅದು. ಬೇರೆಯವರು ಆರಿಸಿದ್ದಕ್ಕೆ ಅರ್ಜಿ ಬರೆದುಕೊಂಡು ಇರಬಹುದಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಇದೇ ನಗರದ ಮಾದಾಪುರಕ್ಕೆ ಗಾರೆ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳು ಹೊಲಿದ ಕೌದಿಯನ್ನು ಕೊಳ್ಳೋಣ ಎಂದೆ. ಹಳೆ ಸೀರೆಯ ತುಂಡು ಜೋಡಿಸಿದ ಹೊದಿಕೆ ಗೋಡೆಗೇರುತ್ತದೆಯೇ ಎಂದು ಕೆಲವರು ನಕ್ಕರು, ಆದರೂ ಒಪ್ಪಿದರು. ಒಳಗೆ ಕಾಳುಕಡಿ ಏನೂ ಇಲ್ಲವೆಂದು ನಾನೇ ರುಜು ಹಾಕಿದೆ. ಕಾಳಿದ್ದರೆ ಹುಳು ಬೀಳುತ್ತದೆ, ಮ್ಯೂಸಿಯಂನವರು ಮುಟ್ಟುವುದಿಲ್ಲ.

ಒಪ್ಪಿಸುವ ಹಿಂದಿನ ದಿನ ಕೌದಿ ಮಡಚುವಾಗ ಮೂಲೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿಯ ಹೊಟ್ಟೆಗೆಂದು ಕಲಬುರಗಿಯಲ್ಲಿ ನನ್ನ ಅಜ್ಜಿಯೂ ಒಂದು ಹಿಡಿ ಜೋಳ ಇಡುತ್ತಿದ್ದಳು. ಅದನ್ನು ಮರೆತು ರುಜು ಹಾಕಿದ್ದೆ, ಪೆದ್ದಿ. ಇನ್ನು ಕೌದಿಯೂ ವಾಪಸು ಬರುತ್ತದೆ, ನನ್ನ ಕೆಲಸವೂ ಹೋಗುತ್ತದೆ. ನಾನೇ ಕತ್ತರಿ ಹಾಕಲು ಧೈರ್ಯ ಸಾಲದೆ ಕೌದಿ ಹೊತ್ತು ಮಾದಾಪುರಕ್ಕೆ ಓಡಿದೆ.

ಆಕೆ ಶೆಡ್ಡಿನ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೂಲೆಯ ಜೋಳ ತೆಗೆಯಬೇಕೆಂದೆ. "ಬರೇ ಹೊಟ್ಟೀಲೆ ಹ್ಯಾಂಗ ಕಳಸ್ಲಿ ಅಕ್ಕಾರ? ಮಂದಿ ಮನೀಗಿ ಹೊಂಟೈತಿ" ಅಂದಳು.

"ತೆಗೀಲಿಲ್ಲಂದ್ರ ಅವರು ತಗೊಳ್ಳಂಗಿಲ್ಲ."

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದಿತು. ಆಮೇಲೆ ಕೈ ತೊಳೆದು, ಹೊಲಿಗೆ ಬಿಚ್ಚಿ, ಜೋಳವನ್ನು ನನ್ನ ಕರ್ಚೀಫಿಗೆ ಸುರಿದಳು. ಸೂಜಿಯನ್ನೂ ನನ್ನ ಕೈಗೇ ಕೊಟ್ಟಳು.

"ಖಾಲಿ ಮೂಲಿ ನಾ ಮುಚ್ಚಂಗಿಲ್ಲ. ಏನರ ಹಾಕಿ ನೀವ ಹೊಲ್ದು ಬಿಡ್ರಿ."

ಒಂದು ಚೂರು ಬಟ್ಟೆ ಹಾಕಿದ್ದರೂ ಸಾಕಿತ್ತು ಎಂದು ಈಗ ಅನಿಸುತ್ತದೆ. ಆಗ ಹೆದರಿಕೆಯಲ್ಲಿ ಏನೂ ಹೊಳೆಯಲಿಲ್ಲ. ಆಫೀಸಿನ ಮೇಜಿನ ಮೇಲೆ ಖಾಲಿ ಮೂಲೆಯನ್ನೇ ಸೊಟ್ಟಪಟ್ಟ ಹೊಲಿದು ಮುಚ್ಚಿದೆ. ಮರುದಿನ ಮ್ಯೂಸಿಯಂನವರು ಹಿಚುಕಿ ನೋಡಿ ತಗೊಂಡರು.

ಕೌದಿ ಗೋಡೆಗೇರಿದ ಮೇಲೆ ಆಕೆಯನ್ನು ಕರೆದುಕೊಂಡು ಹೋದೆ. ಆಕೆಯ ಕಣ್ಣು ನೇರ ನನ್ನ ಹೊಲಿಗೆಗೇ ಹೋಯಿತು.

"ಹೊಟ್ಟಿಗಿ ಹಾಕೀರಿಲ್ಲ?"

"ಹೂಂ, ಹಾಕೀನಿ" ಅಂದೆ.

"ಹಂಗಾರ ಆತು ಬಿಡ್ರಿ" ಎಂದು ಆಕೆ ಕೌದಿಗೆ ಕೈ ಮುಗಿದಳು. ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ಆ ಜೋಳ ಈಗಲೂ ನನ್ನ ಅಡುಗೆಮನೆಯ ಡಬ್ಬಿಯಲ್ಲಿದೆ. ಹುಳು ಬಿದ್ದಿದೆಯೇ ಎಂದು ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ. ಇನ್ನೂ ಬಿದ್ದಿಲ್ಲ.