ಕಣಿವೆಯಲ್ಲಿ ಕೇಳಿದ ಕೂಗು

ದೆವ್ವ, ಗಾಳಿ, ಪೀಡೆ ಎಂದರೆ ನಾನು ಆಗಲೂ ನಗುತ್ತಿದ್ದೆ, ಈಗಲೂ ಹೆದರುವುದಿಲ್ಲ. ಆದ್ದರಿಂದ ಇದನ್ನು ಓದಿ ‘ಅಂತೂ ಇವನೂ ದಾರಿಗೆ ಬಂದ’ ಎಂದು ಯಾರೂ ಸಂತೋಷಪಡಬೇಕಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅರ್ಥ ಹೇಳು ಎಂದರೆ ಅದು ನನ್ನ ಕೈಲಾಗದು.

ಮಹಾರಾಜರ ಕಾಲ. ಮಧುಗಿರಿಯಲ್ಲಿ ಒಟ್ಟಿಗೆ ಓದಿದ ಗೆಳೆಯರು ನಾವು ಮೂವರು: ನಾನು, ತೋವಿನಕೆರೆಯ ಸಿದ್ಧಲಿಂಗ, ಶಿರಾದ ಬಷೀರ್. ಪುಷ್ಯಮಾಸದ ಚಳಿಯಲ್ಲಿ ಸಿದ್ಧಲಿಂಗನ ಮನೆಯ ಮುದ್ದೆ, ಹಿತಕಿದ ಅವರೆಬೇಳೆ ಸಾರಿನ ಆಸೆಗೆ ಚನ್ನರಾಯನದುರ್ಗದ ಬೆಟ್ಟಸಾಲಿನ ಕಾಲುದಾರಿ ಹಿಡಿದು ಬೆಳಿಗ್ಗೆಯೇ ಹೊರಟೆವು. ಬಷೀರನಿಗೆ ಶೀತವಾಗಿ ಗಂಟಲು ಪೂರ್ತಿ ಕಟ್ಟಿತ್ತು. ಬಾಯಿ ಬಿಟ್ಟರೆ ಬರೀ ಉಸಿರು. ಅವನು ಕೈಸನ್ನೆ ಮಾಡುವುದು, ನಾವು ಬೇಕೆಂದೇ ತಪ್ಪು ತಿಳಿಯುವುದು, ಹೀಗೆ ನಗುತ್ತಾ ನಡೆದೆವು.

ಕಣಿವೆ ಹತ್ತಿರವಾದಂತೆ ಸಿದ್ಧಲಿಂಗನ ಮುಖ ಬಿಗಿಯಾಯಿತು.

“ಇಲ್ಲಿ ಹಿಂದ್ಗಡೆಯಿಂದ ಯಾರಾನ ಕೂಗುದ್ರೆ ಓ ಅನ್ಬಾರ್ದು ಕಣ್ರಲಾ. ಮೂರು ಸಲ ಕೂಗುದ್ಮೇಲೇನೇ ಅನ್ಬೇಕು. ಗಾಳಿಯಾದ್ರೆ ಮೂರನೇ ಸಲ ಕೂಗಾಕಿಲ್ಲ.”

ಆ ಕಡೆ ಕುರಿ ಕಾಯುವವರು, ಸಂತೆಗೆ ಹೋಗುವವರು ಎಲ್ಲರೂ ಪಾಲಿಸುವ ಕಟ್ಟಳೆ ಅದು. ನಾನು ಅವನನ್ನು ಚೆನ್ನಾಗಿ ಗೇಲಿ ಮಾಡಿದೆ.

ಮಧ್ಯಾಹ್ನ ಬಂಡೆಯ ಮೇಲಿನ ಒಂದು ದೊಣೆಯಲ್ಲಿ ನೀರು ಕಂಡಿತು. ಬಷೀರ್ ಕುಡಿದು ಬರುತ್ತೇನೆಂದು ಸನ್ನೆ ಮಾಡಿ ನಮ್ಮನ್ನು ಮುಂದೆ ಕಳಿಸಿದ. ನಾವು ದೊಡ್ಡ ಗುಂಡುಕಲ್ಲಿನ ತಿರುವು ದಾಟಿ ಸ್ವಲ್ಪ ಮೇಲೆ ಹತ್ತಿರಬಹುದು.

“ಲೇ, ನಿಂತ್ಕಳ್ರೋ!”

ಬಷೀರನದೇ ದನಿ. ಸ್ಪಷ್ಟವಾಗಿತ್ತು. ತಿರುಗಬೇಕೆನ್ನುವಷ್ಟರಲ್ಲಿ ಸಿದ್ಧಲಿಂಗ ನನ್ನ ತೋಳು ಹಿಡಿದ.

“ಓ ಅನ್ಬೇಡ. ಅವ್ನಿಗೆ ಗಂಟ್ಲೇ ಇಲ್ಲ, ಕೂಗೋದೆಂಗೆ? ಅವ್ನಲ್ಲ ಕಣ್ಲಾ ಅದು!”

ಕಾದೆವು. ಎರಡನೆಯ ಕೂಗು ಬರಲಿಲ್ಲ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಬುದ್ಧಿಯೂ ಅದನ್ನೇ ಹೇಳುತ್ತಿತ್ತು. ಆದರೂ ಅಲ್ಲಿ ಗೊಂಬೆಗಳ ಹಾಗೆ ನಿಂತಿದ್ದೇವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

“ಕೂಗಿದ್ದು ಯಾರಾದ್ರೂ ಆಗ್ಲಿ, ಹಿಂದೆ ಉಳಿದಿರೋನು ನಮ್ಮೋನು!” ಎಂದವನೇ ಬೆಟ್ಟ ಮಾರ್ದನಿಸುವಂತೆ “ಓ! ಬಂದೆ!” ಎಂದು ಕೂಗಿ ಕೆಳಗೆ ಓಡಿದೆ.

ದೊಣೆಯ ಬಳಿ ಬಷೀರ್ ಇರಲಿಲ್ಲ. ಪಾಚಿಯಲ್ಲಿ ಕಾಲು ಜಾರಿ ಬಂಡೆಯ ಅಂಚಿಗೆ ಹೋಗಿದ್ದ. ಎರಡೂ ಕೈಯಲ್ಲಿ ಒಂದು ಪೊದೆಯ ಬುಡ ಹಿಡಿದಿದ್ದ. ಕಾಲ ಕೆಳಗೆ ಬರೀ ಆಳ. ಬೇರು ಆಗಲೇ ಕಿತ್ತುಬರುತ್ತಿತ್ತು. ನಮ್ಮನ್ನು ನೋಡಿ ಅವನ ತುಟಿ ಆಡಿತು, ದನಿ ಬರಲಿಲ್ಲ. ನನ್ನ ಹಿಂದೆಯೇ ಓಡಿಬಂದ ಸಿದ್ಧಲಿಂಗ ನಾಚಿಕೆ ಬಿಟ್ಟು ಪಂಚೆ ಬಿಚ್ಚಿ ನನ್ನದಕ್ಕೆ ಗಂಟು ಹಾಕಿದ. ಅದನ್ನು ಇಳಿಬಿಟ್ಟು ಬಷೀರನನ್ನು ಎಳೆದುಕೊಂಡೆವು.

ಉಸಿರು ತಿರುಗಿದ ಮೇಲೆ, ಕೂಗಿದೆಯಾ ಎಂದು ಕೇಳಿದೆ. ಬಷೀರ್ ಇಲ್ಲವೆಂದು ತಲೆಯಾಡಿಸಿದ. ಕಿವಿಯನ್ನು ಬಾಯಿಯ ಹತ್ತಿರ ಇಟ್ಟಾಗಷ್ಟೇ ಕೇಳಿಸಿತು:

“ಎಲ್ಲಿ ಕೂಗ್ಲಿ ದೋಸ್ತ್? ಅಲ್ಲಾನ ಹೆಸ್ರೂ ಬಾಯಿಂದ ಬರ್ಲಿಲ್ಲ.”

ಮುಂದಿನ ಚಳಿಗಾಲದಲ್ಲಿ ಹಟ ಹಿಡಿದು ಬಷೀರನನ್ನು ಅಲ್ಲಿಗೇ ಕರೆದೊಯ್ದೆ. ದೊಣೆಯ ಬಳಿ ನಿಂತು ಗಂಟಲು ಹರಿಯುವಂತೆ ಕೂಗಲು ಹೇಳಿ ನಾನು ತಿರುವಿನ ಆಚೆ ಕಾದೆ. ಏನೂ ಕೇಳಿಸಲಿಲ್ಲ. ಕೊನೆಗೆ ಅವನೇ ದನಿ ಒಡೆದುಕೊಂಡು ಮೇಲೆ ಬಂದು ನನ್ನನ್ನು ಬೈದ.

ಕೂಗಿದ್ದು ಯಾರು? ಗೊತ್ತಿಲ್ಲ. ಮೊದಲ ಕೂಗಿಗೇ ಓಗೊಟ್ಟವನನ್ನು ಅದು ಬಿಡುವುದಿಲ್ಲ ಎಂದು ಸಿದ್ಧಲಿಂಗ ಇಂದಿಗೂ ಹೇಳುತ್ತಾನೆ. ಆಗಲೇ ಅಮ್ಮ ತಾಯಿತ ಮಾಡಿಸಿ ತಂದಳು, ನಾನು ಕಟ್ಟಿಕೊಳ್ಳಲಿಲ್ಲ. ಬಷೀರನ ಮೊಮ್ಮಕ್ಕಳು ಈಗ ನನ್ನ ಹೆಗಲೇರಿ ಕುಣಿಯುತ್ತವೆ. ಅದು ಪೀಡೆಯೇ ಆಗಿದ್ದರೆ ಆ ಪೀಡೆಗೆ ನನ್ನ ನಮಸ್ಕಾರ. ಇನ್ನೊಮ್ಮೆ ಕೂಗಲಿ, ಮೊದಲನೆಯ ಕೂಗಿಗೇ ಓಗೊಡುತ್ತೇನೆ.