ಕಾಲು ನಿಲ್ಲಿಸುವ ಪುಸ್ತಕಗಳು

ನಿವೃತ್ತ ಹೆಡ್‌ಮಾಸ್ತರರು ಆ ಹಲ್ಲಿನ ಆಸ್ಪತ್ರೆಗೆ ಮೊದಲ ಸಲ ಕಾಲಿಟ್ಟಾಗ, ಚೀಟಿ ಬರೆಯುವ ಹೆಂಗಸು ತಮ್ಮೆದುರು ತಲೆ ತಗ್ಗಿಸಿದ್ದನ್ನು ಕಂಡು ಮನಸ್ಸಿನಲ್ಲೇ ಆಕೆಗೆ ನೂರಕ್ಕೆ ತೊಂಬತ್ತು ಅಂಕ ಕೊಟ್ಟರು. ಮೂವತ್ತಾರು ವರ್ಷ ಶಾಲೆ ಆಳಿದವರು. ಗೌರವ ಎಂದರೆ ಹೀಗಿರಬೇಕು, ಕೇಳಿ ಪಡೆಯುವಂಥದ್ದಲ್ಲ ಎಂದುಕೊಂಡು, ಊದಿದ ಎಡಗೆನ್ನೆಯನ್ನು ಕರವಸ್ತ್ರದಲ್ಲಿ ಮುಚ್ಚಿ ಬೆಂಚಿನ ತುದಿಯಲ್ಲಿ ಗಂಭೀರವಾಗಿ ಕೂತರು.

ಆಕೆ ನೋಡುತ್ತಿದ್ದದ್ದು ಅವರ ಬಲಗಾಲನ್ನು. ಅದು ಹೊಲಿಗೆ ಮಿಷನ್ ತುಳಿಯುವವರ ಕಾಲಿನ ಹಾಗೆ ಒಂದೇ ಸಮನೆ ಕುಣಿಯುತ್ತಿತ್ತು.

ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಚೀಟಿಯಕ್ಕ ಎಂದು. ಓದಿದ್ದು ಏಳನೇ ಕ್ಲಾಸು. ಹದಿನೆಂಟು ವರ್ಷದ ಹಿಂದೆ ನೆಲ ಒರೆಸುವುದಕ್ಕೆ ಬಂದವಳು, ಈಗ ಚೀಟಿ ಬರೆದು, ಫೋನೆತ್ತಿ, ಬಂದವರ ಬಿಪಿ ನೋಡಿ, "ಮೊದಲು ಈ ಅಜ್ಜೀನ ಕಳಿಸ್ತೀನಿ, ಅಳ್ತಿದಾರೆ" ಎಂದು ಡಾಕ್ಟರಿಗೇ ಅಪ್ಪಣೆ ಕೊಡುವಷ್ಟು ಬೆಳೆದಿದ್ದಳು. ಆಕೆಯ ಮೇಜಿನ ಪಕ್ಕದಲ್ಲಿ ಮೂರು ಹಲಗೆಯ ಒಂದು ಗೂಡು. ಅದರ ತುಂಬ ಪುಸ್ತಕ. ಹೊದಿಕೆ ಹರಿದವು, ಬೆನ್ನು ಬಿಟ್ಟವು, ಒಂದಕ್ಕಂತೂ ಹೆಸರೇ ಇಲ್ಲ.

ಹೆಡ್‌ಮಾಸ್ತರರಿಗೆ ಇದು ಮೂರನೆಯ ಹಲ್ಲಿನ ಡಾಕ್ಟರು. ಮೊದಲಿಬ್ಬರ ಹತ್ತಿರ ಸರದಿ ಬರುವ ಮೊದಲೇ ಅವರು ಕಾಲಿಗೆ ಬುದ್ಧಿ ಹೇಳಿದ್ದರು. ಮನೆಗೆ ಬಂದು ಒಬ್ಬನಿಗೆ ಶಿಸ್ತಿಲ್ಲ, ಇನ್ನೊಬ್ಬನಿಗೆ ಭಾಷಾಶುದ್ಧಿಯಿಲ್ಲ ಎಂದು ವರದಿ ಒಪ್ಪಿಸಿದ್ದರು. ಹೆಂಡತಿ ಈ ಸಲ ಹೊಸ್ತಿಲಲ್ಲೇ ನಿಂತು ಹೇಳಿ ಕಳಿಸಿದ್ದಳು: "ಸಕ್ಕರೆ ಕಾಯಿಲೆ ಬೇರೆ ಇದೆ ನಿಮಗೆ. ಕೀವು ದವಡೆಗಿಳಿದ್ರೆ ಆಪರೇಷನ್ನೇ ಗತಿಯಂತೆ. ಅವನ ವ್ಯಾಕರಣ ಹೇಗಾದ್ರೂ ಇರಲಿ, ಬಾಯಿ ತೆಗೆದು ಕೂತ್ಕೊಳ್ಳಿ. ಓಡಿ ಬಂದ್ರೆ ನಾನು ಬಾಗಿಲು ತೆಗೆಯಲ್ಲ."

ಧೈರ್ಯಕ್ಕಿರಲಿ ಎಂದು ಅವರು ತಮ್ಮದೇ ಗ್ರಂಥವನ್ನು ತಂದಿದ್ದರು. ಶಿಸ್ತಿನ ಮೇಲೆ ಆರುನೂರ ಹನ್ನೆರಡು ಪುಟ, ಅದರಲ್ಲಿ ಮುನ್ನುಡಿಯೇ ನಲವತ್ತು. ತೊಡೆಯ ಮೇಲೆ ತೆರೆದಿಟ್ಟರು. ಒಳಗಿನ ಕೋಣೆಯಲ್ಲಿ ಗುಂಯ್ ಎಂದು ಮಿಷನ್ ಶುರುವಾಯಿತು. ಬಲಗಾಲಿಗೆ ಎಡಗಾಲೂ ಜೊತೆಯಾಯಿತು. ಅವರು ಮೆಲ್ಲಗೆ ಎದ್ದರು.

"ಕನ್ನಡಕ ಮರೆತು ಬಂದಿದೀನಿ. ತಗೊಂಡು ಬರ್ತೀನಿ."

"ಮೂಗಿನ ಮೇಲಿದೆ ಸರ್," ಎಂದಳು ಚೀಟಿಯಕ್ಕ. ಹೆಸರಿಲ್ಲದ ಪುಸ್ತಕವನ್ನು ಗೂಡಿನಿಂದ ತೆಗೆದು ಅವರ ಕೈಗಿಟ್ಟಳು. "ಎರಡು ಪುಟ ನೋಡಿ. ಹಿಡಿಸದಿದ್ರೆ ಬೇರೆ ಕೊಡ್ತೀನಿ."

ಕಥೆ ಕಾದಂಬರಿ ಎಂದರೆ ಕೆಲಸವಿಲ್ಲದವರ ಕೆಲಸ ಎಂದು ಅವರು ಮೂವತ್ತಾರು ವರ್ಷ ಪಾಠ ಮಾಡಿದ್ದರು. ಆದರೂ ತಪ್ಪು ಹುಡುಕಲಿಕ್ಕಾದರೂ ಆಯಿತು ಎಂದು ಕಣ್ಣು ಹಾಯಿಸಿದರು. ಬೀಗ ರಿಪೇರಿಯವನೊಬ್ಬನನ್ನು ಯಾರೋ ಕರೆಯುತ್ತಾರೆ: ಮನೆಯ ಕೀಲಿ ಕಳೆದಿದೆ, ತೆಗೆದುಕೊಡು ಎಂದು. ಅವನು ತೆಗೆಯುತ್ತಾನೆ. ಬಾಗಿಲ ಒಳಗೆ ಒಂದು ಜೊತೆ ಚಪ್ಪಲಿ. ಎಡಗಾಲಿನದಕ್ಕೆ ಹಸಿರು ದಾರದ ಹೊಲಿಗೆ. ಆ ಹೊಲಿಗೆ ಹಾಕಿದವನು ಅವನೇ. ಎಂಟು ವರ್ಷದ ಹಿಂದೆ ಕಾಣೆಯಾದ ತಮ್ಮನ ಚಪ್ಪಲಿಗೆ.

ಹೆಡ್‌ಮಾಸ್ತರರು ಪುಟ ತಿರುಗಿಸಿದರು. ಮತ್ತೊಂದು ತಿರುಗಿಸಿದರು. ಯಾವಾಗ ಕೂತರೋ ಅವರಿಗೇ ತಿಳಿಯದು.

"ಸರ್, ನಿಮ್ಮದೇ ಸರದಿ."

"ಒಂದ್ನಿಮಿಷ," ಎಂದರು ಅವರು, ತಲೆಯೆತ್ತದೆ.

ಚೀಟಿಯಕ್ಕ ಪೆನ್ಸಿಲ್ ತೆಗೆದುಕೊಂಡಳು. ಅವರನ್ನು ಒಳಗೆ ಕಳಿಸಿ, ಪುಸ್ತಕದ ಹಿಂದಿನ ಪುಟದಲ್ಲಿ ಸಾಲಾಗಿದ್ದ ಚುಕ್ಕೆಗಳ ಪಕ್ಕಕ್ಕೆ ಇನ್ನೊಂದು ಚುಕ್ಕೆ ಇಟ್ಟಳು.

ಮುಕ್ಕಾಲು ಗಂಟೆಯ ನಂತರ ಹೊರಬಂದಾಗ ನೋವು ಮಾಯವಾಗಿತ್ತು. ಒಂದು ಕಡೆಯ ತುಟಿ ಮಾತ್ರ ಮಾತು ಕೇಳುತ್ತಿರಲಿಲ್ಲ. ಉದಾರವಾಗಿ ತಮ್ಮ ಗ್ರಂಥವನ್ನು ಮೇಜಿನ ಮೇಲಿಟ್ಟು, "ಇದು ಇಲ್ಲಿನ ಓದುಗರಿಗೆ" ಎಂದರು. ಆಮೇಲೆ ದನಿ ತಗ್ಗಿಸಿ, "ಆ ಬೀಗದವನ ಪುಸ್ತಕ ಮನೆಗೆ ಒಯ್ಯಬಹುದಾ?"

"ಆಗಲ್ಲ ಸರ್. ಇಲ್ಲೇ ಇರುತ್ತೆ. ಇನ್ನೂ ಎರಡು ಸಲ ಬರಬೇಕಲ್ಲ ನೀವು, ಅರ್ಧ ಗಂಟೆ ಮುಂಚೆ ಬಂದು ಓದ್ಕೊಳ್ಳಿ."

ಚೀಟಿಯಕ್ಕನ ಜಾಣತನವೆಲ್ಲ ಈ 'ಆಗಲ್ಲ'ದಲ್ಲಿತ್ತು. ಮೊದಲ ದಿನ ಹಲ್ಲಿನ ನರ ತೆಗೆದರೆ ನೋವು ಹೋಗುತ್ತದೆ. ನೋವು ಹೋದವನು ಮತ್ತೆ ಬರುವುದಿಲ್ಲ. ಬಂದರೂ ಕೀವು ತುಂಬಿದ ಮೇಲೆ, ಕುಂಬಳಕಾಯಿಯಂಥ ಮುಖ ಹೊತ್ತು ಬರುತ್ತಾನೆ. ಆಕೆಯ ಸ್ವಂತ ಅಣ್ಣ ಹಾಗೆ ಮಾಡಿಕೊಂಡು ದವಡೆಯ ಮೂಳೆ ಕೆರೆಸಿಕೊಂಡಿದ್ದ. ಬೈದರೆ ಜನ ಬರುವುದಿಲ್ಲ, ಅರ್ಧ ಓದಿದ ಕಥೆಗೆ ಬರುತ್ತಾರೆ ಎಂದು ಆಕೆ ಆಮೇಲೆ ಕಂಡುಕೊಂಡಳು.

ಹೆಡ್‌ಮಾಸ್ತರರು ಮನೆಯಲ್ಲಿ ಘೋಷಿಸಿದರು: "ಪೂರ್ತಿ ವಾಸಿಯಾಯ್ತು. ಇನ್ನು ಹೋಗೋ ಅಗತ್ಯ ಕಾಣಲ್ಲ." ಹೆಂಡತಿ ತಲೆ ಚಚ್ಚಿಕೊಂಡಳು. ಎರಡು ದಿನ ಹಾಯಾಗಿದ್ದರು. ಮೂರನೆಯ ದಿನ ಊಟದ ನಡುವೆ ಕೈ ನಿಂತಿತು. ಹಸಿರು ದಾರವೇ ಯಾಕೆ? ಬೀಗ ತೆಗೆಯಲು ಕರೆದವನಿಗೆ ಚಪ್ಪಲಿಯ ವಿಷಯ ಗೊತ್ತಿತ್ತೋ ಹೇಗೆ? ಗ್ರಂಥಾಲಯಕ್ಕೆ ಹೋಗಿ ಬೀಗದವನ ಪುಸ್ತಕ ಕೇಳಿದರು. ಅಲ್ಲಿಯವನು ಕೀಲಿ ತಯಾರಿಕೆಯ ಕೈಪಿಡಿ ಕೊಟ್ಟ. ಕೊನೆಗೆ ಮಾನ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿದರು.

"ಸುಮ್ಮನೆ ಕೇಳ್ತಿದೀನಿ. ಆ ತಮ್ಮ ಬದುಕಿದ್ದಾನೋ, ಸತ್ತಿದ್ದಾನೋ?"

"ಸೋಮವಾರ ಹತ್ತಕ್ಕೆ ಬನ್ನಿ ಸರ್, ನಿಮಗೇ ಗೊತ್ತಾಗುತ್ತೆ."

ಸೋಮವಾರ ಅವರು ಒಂಬತ್ತಕ್ಕೇ ಬಂದರು. ಅದರ ಮುಂದಿನ ಸೋಮವಾರ ಎಂಟೂವರೆಗೆ, ಬಾಗಿಲು ತೆಗೆಯುವ ಮೊದಲೇ. ಒಳಗೆ ಕರೆಯುವ ಹೊತ್ತಿಗೆ ಕೊನೆಯ ಪುಟ ಮುಗಿದಿತ್ತು, ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಹಲ್ಲಿಗೆ ಸಿಮೆಂಟು ತುಂಬಿ ಡಾಕ್ಟರು ಬೆನ್ನು ತಟ್ಟಿದರು: "ದವಡೆ ಉಳೀತು ಮಾಸ್ಟ್ರೇ. ಬರದೇ ಇದ್ದಿದ್ರೆ ಕಷ್ಟ ಇತ್ತು."

ಹೊರಗೆ ಬಂದವರು ಚೀಟಿಯಕ್ಕನ ಎದುರು ಕುರ್ಚಿ ಎಳೆದುಕೊಂಡರು. ಬೇರೊಬ್ಬ ರೋಗಿ, ಲಾರಿ ಡ್ರೈವರು, ಹೊರಡುತ್ತ ಕೂಗಿ ಕೇಳುತ್ತಿದ್ದ: "ಅಕ್ಕಾ, ಆ ಮುದುಕಿ ಬಾವಿಗೆ ಬಿದ್ಲಾ, ತಳ್ಳಿದ್ರಾ?" "ಬುಧವಾರ ಹನ್ನೊಂದಕ್ಕೆ," ಎಂದಳು ಆಕೆ.

"ಯಾವ ಪುಸ್ತಕ ಹಿಡಿಯುತ್ತೆ ಅಂತ ನಿಮಗೆ ಹೇಗಮ್ಮ ತಿಳಿಯುತ್ತೆ?" ಎಂದರು ಹೆಡ್‌ಮಾಸ್ತರರು. ಅವರು ಯಾರಿಗಾದರೂ 'ನೀವು' ಎನ್ನುವುದೇ ಅಪರೂಪ.

"ರದ್ದಿ ಅಂಗಡೀಲಿ ನಿಂತ್ಕೊಂಡೇ ಓದ್ತೀನಿ ಸರ್. ನಾಲ್ಕು ಪುಟದೊಳಗೆ ಕಾಲುನೋವು ಗೊತ್ತಾದ್ರೆ ಅಲ್ಲೇ ಇಟ್ಟು ಬರ್ತೀನಿ. ಗೊತ್ತಾಗದಿದ್ರೆ ತರ್ತೀನಿ. ಆಮೇಲೆ ಇಲ್ಲಿ ಕೂತವರ ಕಾಲು ನೋಡ್ತೀನಿ. ಹೆದರಿದವರ ಕಾಲು ಕುಣೀತಾ ಇರುತ್ತೆ. ಪುಸ್ತಕ ಹಿಡಿದ್ರೆ ನಿಲ್ಲುತ್ತೆ. ಕರೆದಾಗ 'ಒಂದ್ನಿಮಿಷ' ಅಂದ್ರೆ ಚುಕ್ಕೆ. ಚುಕ್ಕೆ ಜಾಸ್ತಿ ಇರೋವು ಮೇಲಿನ ಹಲಗೆಗೆ."

ಮೊದಲ ದಿನದ ತೊಂಬತ್ತು ಅಂಕದ ಗೌರವ ಎತ್ತ ಕಡೆಗಿತ್ತು ಎಂಬುದು ಹೆಡ್‌ಮಾಸ್ತರರಿಗೆ ಈಗ ಹೊಳೆಯಿತು. ಕಾಲನ್ನು ಕುರ್ಚಿಯಡಿ ಎಳೆದುಕೊಂಡರು. ಪ್ರತಿ ಜೂನಿನಲ್ಲೂ ತಾವು ಗೋಡೆಗೆ ಅಂಟಿಸುತ್ತಿದ್ದ 'ಓದಲೇಬೇಕಾದ ನೂರು ಪುಸ್ತಕಗಳು' ನೆನಪಾಯಿತು. ಅವುಗಳಲ್ಲಿ ಒಂದನ್ನು ಓದುತ್ತ 'ಒಂದ್ನಿಮಿಷ' ಎಂದ ಒಂದು ಮಗುವೂ ನೆನಪಿಗೆ ಬರಲಿಲ್ಲ. ಈ ಏಳನೇ ಕ್ಲಾಸಿನವಳು ಮೂರೇ ಹಲಗೆಯ ಪುಸ್ತಕದಲ್ಲಿ ಎಷ್ಟು ಜನರ ದವಡೆ ಉಳಿಸಿದ್ದಾಳೋ. ಅವರು ನಿಜವಾಗಿ ತಲೆಬಾಗಿದರು, ಬಹುಶಃ ನಿವೃತ್ತಿಯ ನಂತರ ಮೊದಲ ಬಾರಿಗೆ.

ಆದರೆ ಹಳೆಯ ಚಾಳಿ ಎಲ್ಲಿಗೆ ಹೋಗುತ್ತದೆ. ತಲೆ ಎತ್ತುವಾಗ ತಮ್ಮ ಗ್ರಂಥ ಕಣ್ಣಿಗೆ ಬಿತ್ತು. ಉಳಿದವುಗಳ ಜೊತೆ ಗೂಡಿನಲ್ಲಿರಲಿಲ್ಲ. ಬಿಪಿ ನೋಡುವ ಯಂತ್ರದ ಪಕ್ಕದಲ್ಲಿ, ಅದೊಂದೇ, ಬಟ್ಟೆಯಿಂದ ಒರೆಸಿ ಇಟ್ಟಿದ್ದಳು. ಅವರ ಎದೆ ಉಬ್ಬಿತು.

"ನನ್ನದನ್ನ ಬೇರೆ ಇಟ್ಟಿದೀರಲ್ಲ?"

"ಬಿಪಿ ಜಾಸ್ತಿ ಇದ್ರೆ ಹಲ್ಲು ಕೀಳಲ್ಲ ಸರ್, ಡಾಕ್ಟ್ರು. ಇಳಿಯೋವರೆಗೆ ಕೂರಿಸ್ಬೇಕು. ಅಂಥವರಿಗೆ ನಿಮ್ಮದೇ ಕೊಡೋದು."

ಅಲ್ಲಿಗೆ ಬಿಟ್ಟಿದ್ದರೆ ಕ್ಷೇಮವಿತ್ತು. ಹೆಡ್‌ಮಾಸ್ತರರು ಬಿಡಲಿಲ್ಲ. ಅರ್ಧ ತುಟಿಯಲ್ಲೇ ನಕ್ಕು ಕೇಳಿದರು: "ಹಾಗಾದ್ರೆ ನನ್ನ ಪುಸ್ತಕ ಹಿಡಿದವರ ಕಾಲೂ ನಿಲ್ಲುತ್ತೆ ಅನ್ನಿ?"

ಚೀಟಿಯಕ್ಕ ಮುಂದಿನವರ ಚೀಟಿ ಬರೆಯುತ್ತಲೇ ಹೇಳಿದಳು:

"ನಿಲ್ಲದೇ ಏನ್ ಸರ್. ನಿದ್ದೆ ಹತ್ತಿದ್ಮೇಲೆ ಯಾರು ಕಾಲು ಕುಣಿಸ್ತಾರೆ."