ವಿಮಾನದ ಹೊಟ್ಟೆಯಲ್ಲೊಂದು ಉಬ್ಬು

ಬೀದಿಯವರೆಲ್ಲ ಅವರನ್ನು ಪೈಲಟ್ ಎಂದೇ ಕರೆಯುತ್ತಾರೆ. ಅವರು ಇದುವರೆಗೆ ವಿಮಾನ ಹತ್ತಿಲ್ಲ. ಸ್ಟೂಲಿನ ಮೇಲೆ ನಿಂತರೂ ತಲೆ ತಿರುಗುವುದರಿಂದ ಆ ಮನೆಯಲ್ಲಿ ಟ್ಯೂಬ್‌ಲೈಟ್ ಬದಲಿಸುವುದು ಹೆಂಡತಿಯ ಪಾಲಿನ ಕೆಲಸ.

ಪೈಲಟ್ ಅವರ ಹೊಟ್ಟೆಪಾಡು ಕಟ್ಟುಹಲ್ಲು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ದು, ಅದರ ಮೇಲೆ ಹಲ್ಲು ಕೂರಿಸಿ, ತಿಕ್ಕಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಹಲ್ಲು ಹಾಕಿಸಿಕೊಳ್ಳುವವರ ಮುಖ ಅವರಿಗೆ ಗೊತ್ತಿರುವುದಿಲ್ಲ. ಆದರೆ ಬಸ್ಸಿನಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ ಹೆಂಡತಿಯ ಕಡೆ ಬಾಗಿ, "ನನ್ನದು" ಎನ್ನುತ್ತಾರೆ.

ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಹಲ್ಲಿನ ಮೇಜು, ನಡುವೆ ಹೆಂಡತಿಯ ಹೊಲಿಗೆ ಯಂತ್ರ, ಪರದೆಯ ಹಿಂದೆ ಕಂಪ್ಯೂಟರ್. ಹಳೆಯ ಹೊಲಿಗೆ ಯಂತ್ರ ಕೆಟ್ಟಾಗ ಅದರ ಕಾಲುಹಲಗೆಯನ್ನು ಪೈಲಟ್ ಬಿಚ್ಚಿಕೊಂಡರು. ಈಗ ಅದನ್ನು ತುಳಿದರೆ ತೆರೆಯ ಮೇಲಿನ ವಿಮಾನ ಬಾಲ ತಿರುಗಿಸುತ್ತದೆ. ಇದಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಆಟ ಎಂದರೆ ಪೈಲಟ್ ಮುಖ ಗಂಟಿಕ್ಕುತ್ತಾರೆ.

ಹಳೆಯ ಯುದ್ಧವಿಮಾನಗಳನ್ನು ಇದ್ದದ್ದು ಇದ್ದ ಹಾಗೆ ಸಿಮ್ಯುಲೇಟರಿಗೆ ತರುವ ಒಂದು ಗುಂಪಿನಲ್ಲಿ ಅವರು ಸದಸ್ಯರು. ಕೆಲಸ ಕೇಳಿದಷ್ಟು ಸುಲಭವಲ್ಲ. ಒಂದೇ ವಿಮಾನ ಕಾರ್ಖಾನೆಯಿಂದ ಮೊದಲ ಮಾದರಿ, ಎರಡನೇ ಮಾದರಿ ಎಂದು ಹಲವು ರೂಪಗಳಲ್ಲಿ ಬಂದಿರುತ್ತದೆ. ಒಡಹುಟ್ಟಿದವರ ಹಾಗೆ ಮೂಗು ಒಂದೇ, ಕಿವಿ ಬೇರೆ. ಎರಡನೇ ಮಾದರಿಗೆ ಮೊದಲನೆಯದರ ಕಿವಿ ಅಂಟಿಸಿದರೆ ಕಾಣದ ಊರುಗಳ ಜನ ಬರೆದು ಬೈಯುತ್ತಾರೆ. ಗುಂಪಿನ ಮುಖ್ಯಸ್ಥೆ ನಿವೃತ್ತ ಭೂಗೋಳ ಶಿಕ್ಷಕಿ. ಎಲ್ಲರೂ ಟೀಚರ್ ಎನ್ನುತ್ತಾರೆ. ಅವರದು ಒಂದೇ ನಿಯಮ: ಕಂಡದ್ದನ್ನು ಮಾಡಿ, ಅಂದುಕೊಂಡದ್ದನ್ನು ಮಾಡಬೇಡಿ. ಅವರ ಮಾತಿಲ್ಲದೆ ತಗಡು ಬೆಸೆಯುವ ಒಂದು ರಿವೆಟ್ ಕೂಡ ಅಲುಗುವುದಿಲ್ಲ.

ಈ ವರ್ಷ ಗುಂಪು ಕೈಗೆತ್ತಿಕೊಂಡದ್ದು 'ಗಿಡುಗ' ಎಂಬ ಅಡ್ಡಹೆಸರಿನ ಹಳೆಯ ಕಾದಾಟದ ವಿಮಾನವನ್ನು. ಪೈಲಟ್ ಅವರ ಅದೃಷ್ಟಕ್ಕೆ ಒಂದು ಗಿಡುಗ ಅವರ ಊರಿನ ಸರ್ಕಲ್‌ನಲ್ಲೇ ಸಿಮೆಂಟ್ ಕಂಬದ ಮೇಲೆ ನಿಂತಿದೆ. ಪೌರಾಡಳಿತದವರು ಉದ್ಯಾನದ ಬೆಂಚುಗಳಿಗೆ ಬಳಿದು ಮಿಕ್ಕ ಬಣ್ಣವನ್ನು ಅದಕ್ಕೆ ಬಳಿಯುತ್ತಾರೆ. ಹೀಗಾಗಿ ಈಗ ಅದು ಹಸಿರು.

ಅದರ ಹೊಟ್ಟೆಯ ಎಡಭಾಗದಲ್ಲಿ ಗುಂಡಗೆ ಒಂದು ಉಬ್ಬು ಇದೆ. ಮೊದಲ ಮಾದರಿಗೆ ಉಬ್ಬೇ ಇಲ್ಲ. ಎರಡನೆಯದಕ್ಕೆ ಇರುವುದು ಬಲಕ್ಕೆ, ಉದ್ದಕ್ಕೆ. ಪೈಲಟ್ ಪುಸ್ತಕಗಳನ್ನು ಜಾಲಾಡಿದರು, ನಕ್ಷೆಗಳನ್ನು ತರಿಸಿದರು. ಎಡಕ್ಕೆ ಗುಂಡಗಿನ ಉಬ್ಬು ಎಲ್ಲೂ ಇಲ್ಲ. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತವರು ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತುಬಿಟ್ಟರು.

"ಇದು ಯಾರಿಗೂ ಗೊತ್ತಿಲ್ಲದ ಮಾದರಿ ಕಣೇ," ಎಂದರು.

"ಸಾರಿಗೆ ಉಪ್ಪು ಸರಿಯಾಗಿದೆಯಾ?" ಎಂದರು ಹೆಂಡತಿ.

ಟೀಚರ್ ವಿಡಿಯೊ ಕರೆಯಲ್ಲಿ ಕನ್ನಡಕ ಸರಿಮಾಡಿಕೊಂಡು ಕೇಳಿಸಿಕೊಂಡರು. "ಫೋಟೊ ಸಾಲದು. ಅಳತೆ ಬೇಕು. ಸರಿ ಹೋದರೆ ಅದನ್ನ ಬೇರೆ ಮಾದರಿ ಅಂತಲೇ ಬಿಡುಗಡೆ ಮಾಡೋಣ. ಹುಡುಕಿದವರು ಅಂತ ನಿಮ್ಮ ಹೆಸರು ಹಾಕೋಣ."

ಹೆಸರು ಎಂಬ ಮಾತು ಪೈಲಟ್ ಅವರ ಎದೆಗೆ ನಾಟಿತು. ಅವರು ಮಾಡಿದ ಹಲ್ಲುಗಳು ಊರಿನ ಬಾಯಿಬಾಯಲ್ಲಿ ಇವೆ; ಒಂದರ ಮೇಲೂ ಹೆಸರಿಲ್ಲ. ಹೆಸರು ಬರುವುದು ದಂತವೈದ್ಯರಿಗೆ.

ಅಳತೆ ತೆಗೆಯಲು ಅವರಿಗೆ ಗೊತ್ತಿದ್ದ ದಾರಿ ಒಂದೇ. ಬಾಯಿಯ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿದರೆ ಕ್ಷಣದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಒಂದು ಬಾಯಿಗೆ ನಾಲ್ಕು ಚಮಚ ಸಾಕು. ಪೈಲಟ್ ಇದ್ದಬದ್ದ ಡಬ್ಬಿಗಳನ್ನೆಲ್ಲ ಬಟ್ಟೆ ತೊಳೆಯುವ ಬೇಸಿನ್ನಿಗೆ ಸುರಿದುಕೊಂಡರು. ರಜೆಯ ದಿನ ಬೆಳಿಗ್ಗೆ ಸರ್ಕಲ್‌ನಲ್ಲಿ ಏಣಿ ಹಾಕಿ, ಕಣ್ಣು ಮುಚ್ಚಿಕೊಂಡು ಹತ್ತಿ, ಮೇಲೆಯೇ ನೀರು ಕಲಸಿ, ಬೇಸಿನ್ನನ್ನು ಕೆಳಗಿನಿಂದ ಗಿಡುಗದ ಹೊಟ್ಟೆಗೆ ಒತ್ತಿ ಹಿಡಿದರು. ಹೆಂಡತಿ ಏಣಿ ಹಿಡಿದಿದ್ದರು. ಸರ್ಕಲ್ ತುಂಬ ಆ ಪುಡಿಯ ಪುದೀನದ ವಾಸನೆ.

"ಕಾಲು ನಡುಗ್ತಿದೆ ಕಣೇ."

"ಮೂಗಲ್ಲಿ ಉಸಿರಾಡಿ. ಅಚ್ಚು ತೆಗೆಯೋವಾಗ ಡಾಕ್ಟ್ರು ಎಲ್ಲರಿಗೂ ಅದನ್ನೇ ಹೇಳೋದು."

ಅಷ್ಟರಲ್ಲಿ ಸಂಚಾರಿ ಪೊಲೀಸಿನವರು ರಸ್ತೆ ದಾಟಿ ಬಂದರು. ಏಣಿ, ಹೆಂಡತಿ, ಬೇಸಿನ್ನು, ವಿಮಾನ ಎಲ್ಲವನ್ನೂ ನಿಧಾನವಾಗಿ ನೋಡಿದರು.

"ಏನಮ್ಮ ಇದು?"

"ಅಚ್ಚು ತೆಗೀತಿದ್ದಾರೆ ಸರ್. ಹಲ್ಲು ಕಟ್ಟೋರು ಅವರು."

ಪೊಲೀಸಿನವರು ವಿಮಾನದ ಮೂಗಿನ ಕಡೆ ಹೋಗಿ ಬಗ್ಗಿ ನೋಡಿ ವಾಪಸು ಬಂದರು. "ಇದಕ್ಕೆ ಯಾವ ಹಲ್ಲು ಹೋಗಿದೆ?"

ಮೇಲಿನಿಂದ ಪೈಲಟ್, ಕಣ್ಣು ಬಿಡದೆ, ಮೊದಲ ಮಾದರಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸ ವಿವರಿಸತೊಡಗಿದರು. ಪೊಲೀಸಿನವರು ಒಂದಷ್ಟು ಕೇಳಿ, "ಬೇಗ ಮುಗಿಸಿ ಇಳಿಸಮ್ಮ ಇವರನ್ನ," ಎಂದು ಹೊರಟುಹೋದರು.

ಅಚ್ಚು ಸೊಗಸಾಗಿ ಬಂತು. ಪ್ಲಾಸ್ಟರ್ ಹುಯ್ದು ಒಣಗಿಸಿ ಹಲ್ಲಿನ ಸಾಲುಗಳ ಪಕ್ಕ ಇಟ್ಟರು. ಎದುರುಬದುರು ಎರಡೆರಡು ತೂತುಗಳ ಗುರುತಿತ್ತು. ಬಿಸಿಗಾಳಿ ಹೊರಹೋಗುವ ಕಿಂಡಿಗಳು ಎಂದು ಪೈಲಟ್ ಗುಂಪಿಗೆ ಬರೆದರು. ಸುತ್ತಲಿನ ರಿವೆಟ್‌ಗಳು ಸೊಟ್ಟಸೊಟ್ಟಗಿದ್ದವು. ಯುದ್ಧಕಾಲದ ಅವಸರ ಎಂದು ಬರೆದರು. ಅಂಚಿನಲ್ಲೊಂದು ನೆಗ್ಗು ಇತ್ತು. ಶತ್ರುವಿನ ಗುಂಡು ಸವರಿರಬಹುದು ಎಂದು, ಖಚಿತವಿಲ್ಲ ಎಂಬ ಎಚ್ಚರಿಕೆಯೊಂದಿಗೆ, ಬರೆದರು. ಉಬ್ಬು ಸೇರಿಸಿದ ವಿಮಾನವನ್ನು ಹಾರಿಸಿ ನೋಡಿದ ಸದಸ್ಯರು ಅದು ಸ್ವಲ್ಪ ಎಡಕ್ಕೆ ವಾಲುತ್ತದೆಂದೂ, ನಿಜವಾದ ಗಿಡುಗ ಹೀಗೇ ವಾಲುತ್ತಿದ್ದಿರಬೇಕೆಂದೂ ಕೊಂಡಾಡಿದರು. ಶನಿವಾರ ಬಿಡುಗಡೆ ಎಂದು ಟೀಚರ್ ಸಾರಿದರು.

ಶುಕ್ರವಾರ ಊಟಕ್ಕೆ ಹೆಂಡತಿಯ ತಮ್ಮ ಬಂದ. ಅವನಿಗೆ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ತಗಡಿನ ಕೆಲಸ. ಕೈ ತೊಳೆದು ಬರುವಾಗ ಮೇಜಿನ ಮೇಲಿನ ಪ್ಲಾಸ್ಟರ್ ನೋಡಿ ನಿಂತ.

"ಭಾವ, ಇದು ಸರ್ಕಲ್ ವಿಮಾನದ್ದಲ್ವಾ? ನನ್ನ ಕೈಕೆಲಸ ಇದು."

ಪೈಲಟ್ ನಕ್ಕರು. "ಯುದ್ಧ ನಡೆದಾಗ ನಿಮ್ಮಪ್ಪನೇ ಹುಟ್ಟಿರಲಿಲ್ಲ ಕಣೋ."

"ಅಯ್ಯೋ, ಹೊಟ್ಟೇಲಿ ತೂತು ಬಿದ್ದು ಪಾರಿವಾಳ ಗೂಡು ಕಟ್ಟಿತ್ತು. ಯಾರೋ ದೊಡ್ಡವರು ಬರ್ತಾರೆ, ಬೇಗ ಮುಚ್ಚು ಅಂತ ಶೆಡ್ಡಿಗೆ ಹೇಳಿ ಕಳಿಸಿದ್ರು. ನಾನೇ ಮುಚ್ಚಿದ್ದು."

ಪೈಲಟ್ ಅವರ ನಗು ಹಾಗೇ ನಿಂತಿತು, ಆದರೆ ಅದರಲ್ಲಿ ಯಾರೂ ಇರಲಿಲ್ಲ. "ರಿವೆಟ್ ಯಾಕೆ ಸೊಟ್ಟ?"

"ಊಟದ ಹೊತ್ತಾಗಿತ್ತು ಭಾವ."

"ಈ ಕಿಂಡಿಗಳು?"

"ಹಿಡಿ ಇದ್ದ ಜಾಗ. ಹಿಡಿ ಕಿತ್ತು ಹಾಕಿದೆ."

"ಯಾವುದರ ಹಿಡಿ?"

ತಮ್ಮ ಉತ್ತರ ಕೊಡುವ ಮೊದಲೇ ಅಕ್ಕ ಸೌಟು ಹಿಡಿದು ಅಡುಗೆಮನೆಯಿಂದ ಬಂದರು. ಅಂಚಿನ ನೆಗ್ಗಿನ ಮೇಲೆ ಬೆರಳಾಡಿಸಿದರು. "ಇದು ನನ್ನ ಬಾಣಲೆ," ಎಂದರು. "ಅಮ್ಮ ಕೊಟ್ಟಿದ್ದು. ಈ ನೆಗ್ಗು ನಾನೇ ಬೀಳಿಸಿ ಆಗಿದ್ದು."

"ಹಿತ್ತಲಲ್ಲಿ ಬೋರಲು ಬಿದ್ದಿತ್ತಕ್ಕ. ಗುಜರಿ ಅಂದ್ಕೊಂಡೆ."

"ಒಣಗೋಕೆ ಇಟ್ಟಿದ್ದೆ ಕಣೋ. ನೀನು ತಗೊಂಡು ಹೋಗಿ ವಿಮಾನಕ್ಕೆ ಹೊಡೆದೆಯಾ? ನಾನು ನಾದಿನಿ ಮೇಲೆ ಅನುಮಾನಪಟ್ಟು ಇಷ್ಟು ವರ್ಷ ಅವರ ಮನೇಲಿ ಒಂದು ತುತ್ತು ತಿಂದಿಲ್ಲ."

ನಾದಿನಿ ಎಂದರೆ ಪೈಲಟ್ ಅವರ ತಂಗಿ. ಬೇರೆ ದಿನವಾಗಿದ್ದರೆ ಅವರು ಈ ಮಾತನ್ನು ಹಿಡಿದುಕೊಳ್ಳುತ್ತಿದ್ದರು. ಈಗ ಸುಮ್ಮನೆ ಕಂಪ್ಯೂಟರಿನ ಮುಂದೆ ಕೂತು, ತೆರೆಯ ಮೇಲೆ ಮೋಡಗಳ ನಡುವೆ ಬಾಣಲೆ ಹೊತ್ತು ಎಡಕ್ಕೆ ವಾಲುತ್ತ ಹೋಗುತ್ತಿದ್ದ ಗಿಡುಗವನ್ನು ನೋಡಿದರು. ಕೆಳಗೆ ಮೂಲೆಯಲ್ಲಿ ಅವರ ಹೆಸರು ಇತ್ತು.

"ಹೇಳದೆ ಇದ್ದರೆ ಯಾರಿಗೆ ಗೊತ್ತಾಗುತ್ತೆ ಭಾವ?" ಎಂದ ತಮ್ಮ, ಅನ್ನ ಕಲಸುತ್ತ. "ನಾನಂತೂ ಬಾಯಿ ಬಿಡಲ್ಲ."

"ನೀನು ಬಾಯಿ ಬಿಡೋದು ತಿನ್ನೋಕೆ ಮಾತ್ರ," ಎಂದರು ಅಕ್ಕ. ಆಮೇಲೆ ಗಂಡನ ಕಡೆ ತಿರುಗಿದರು. "ರೀ, ನಾಳೆ ಯಾರೋ ಇದನ್ನ ನೋಡಿ ಪುಸ್ತಕದಲ್ಲಿ ಬರೀತಾರೆ. ಇನ್ಯಾರೋ ಅದನ್ನ ಓದಿ ನಂಬ್ತಾರೆ. ನನ್ನ ಬಾಣಲೆ ಯಾವ ಯುದ್ಧಕ್ಕೂ ಹೋಗಿಲ್ಲ ಅಂತ ಹೇಳಿಬಿಡಿ."

ಪೈಲಟ್ ಅವತ್ತು ಒಂದು ದವಡೆಗೆ ಮೇಲಿನ ಹಲ್ಲನ್ನು ಕೆಳಗೆ ಕೂರಿಸಿ, ಕಿತ್ತು, ಮತ್ತೆ ಕೂರಿಸಿದರು. ಸಂಜೆ ಕರೆಗೆ ಗುಂಪು ಸೇರಿದಾಗ ಪ್ಲಾಸ್ಟರನ್ನು ಕ್ಯಾಮೆರಾದ ಮುಂದೆ ಹಿಡಿದು, ಪಾರಿವಾಳದಿಂದ ಆರಂಭಿಸಿ ನಾದಿನಿಯವರೆಗೆ ಎಲ್ಲವನ್ನೂ ಹೇಳಿದರು. "ನನ್ನ ಹೆಸರು ತೆಗೆದುಬಿಡಿ ಟೀಚರ್," ಎಂದರು.

ಯಾರದೋ ಮೈಕಿನಲ್ಲಿ ಕುಕ್ಕರ್ ಕೂಗಿತು.

ಟೀಚರ್ ಕನ್ನಡಕ ತೆಗೆದು ಒರೆಸಿದರು. "ಕಿಂಡಿ ಅಂದುಕೊಂಡಿರಿ, ಅದು ತಪ್ಪು. ಗುಂಡು ಅಂದುಕೊಂಡಿರಿ, ಅದೂ ತಪ್ಪು. ಬರೆದದ್ದನ್ನೆಲ್ಲ ಅಳಿಸಿ. ಆದರೆ ಕಂಡದ್ದು ಕಂಡದ್ದೇ. ಸರ್ಕಲ್‌ನಲ್ಲಿ ನಿಂತಿರೋ ವಿಮಾನಕ್ಕೆ ಬಾಣಲೆ ಇದೆ ತಾನೆ?"

"ಇದೆ."

"ಅಳತೆ ಸರಿಯಾಗಿದೆ ತಾನೆ?"

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಟೀಚರ್."

"ಹಾಗಾದರೆ ಯುದ್ಧದ ವಿಮಾನಕ್ಕೆ ಬಾಣಲೆ ಬೇಡ, ಸರ್ಕಲ್ ವಿಮಾನಕ್ಕೆ ಬೇಕು. ಎರಡೂ ಬಿಡೋಣ. ಬೇಕಾದವರು ಬೇಕಾದದ್ದು ಹಾರಿಸಲಿ. ಹಸಿರು ಬಣ್ಣ ಮರೆಯಬೇಡಿ."

ಶನಿವಾರ ಎರಡೂ ಬಿಡುಗಡೆಯಾದವು. ಇತಿಹಾಸಕ್ಕೆ ನಿಷ್ಠವಾದ ಗಿಡುಗವನ್ನು ಬಲ್ಲವರು ಮೆಚ್ಚಿ ಸುಮ್ಮನಾದರು. ಬಾಣಲೆ ಗಿಡುಗವನ್ನು ಜನ ಮುಗಿಬಿದ್ದು ಹಾರಿಸಿದರು. ಅದನ್ನು ವಾಲದಂತೆ ನೇರವಾಗಿ ಇಳಿಸುವುದೇ ಈಗ ಅವರಲ್ಲೊಂದು ಪಂದ್ಯ. ಹಾರುವ ಮುನ್ನ ತೆರೆಯ ಮೇಲೆ ಎರಡು ಸಾಲು ಬರುತ್ತವೆ. ಬಾಣಲೆ ಒದಗಿಸಿದವರು ಎಂದು ಮೊದಲು ಹೆಂಡತಿಯ ಹೆಸರು, ಅಚ್ಚು ತೆಗೆದವರು ಎಂದು ಕೆಳಗೆ ಪೈಲಟ್ ಅವರ ಹೆಸರು. ತಮ್ಮ ತನ್ನ ಹೆಸರನ್ನೂ ಹಾಕಿಸಿ ಎಂದು ಕೇಳಿದ. ಅಕ್ಕ ಬೇಡವೆಂದರು.

ಭಾನುವಾರ ಗಂಡಹೆಂಡಿರಿಬ್ಬರೂ ನಾದಿನಿಯ ಮನೆಗೆ ಊಟಕ್ಕೆ ಹೋದರು. ಹೋಗುವ ದಾರಿಯಲ್ಲಿ ಬಸ್ಸು ಸರ್ಕಲ್ ಸುತ್ತುವಾಗ ಹೆಂಡತಿ ಕಿಟಕಿಯಿಂದ ಮೇಲೆ ನೋಡಿ, ಗಂಡನ ಕಡೆ ಬಾಗಿ, "ನನ್ನದು," ಎಂದರು.